ಕೊಯ್ದದ್ದು ಹೊಟ್ಟೆ, ನೋವು ಹೆಗಲಿಗೆ!

“ಹೊಟ್ಟೆಯನ್ನು ಕೊಯ್ದರು, ಸರಿ. ಕತ್ತೂ ಹೆಗಲೂ ಏಕೆ ಹೀಗೆ ನೋಯುತ್ತಿವೆ?”

ಹೆಬ್ಬಾಳದ ಸಮೀಪದ ಕೆಂಪಾಪುರದ ಮನೆಯೊಂದರಲ್ಲಿ ಗೃಹಿಣಿಯೊಬ್ಬಳು ಹೀಗೆ ಕೇಳುತ್ತಿರುವಳೆಂದು ಭಾವಿಸಬಹುದು. ನಡುರಾತ್ರಿ ಹೊಟ್ಟೆನೋವು ಬಂದು ಅಪೆಂಡಿಕ್ಸನ್ನು ತುರ್ತಾಗಿ ತೆಗೆಸಬೇಕಾಯಿತು. ಗಾಯವೇನೋ ಕಿಬ್ಬೊಟ್ಟೆಯ ಬಲಗಡೆ. ಆದರೆ ಮರುದಿನ ಎದ್ದು ನಾಲ್ಕು ಹೆಜ್ಜೆ ನಡೆದೊಡನೆ ಮೈಯೆಲ್ಲ ಒನಕೆಯಿಂದ ಕುಟ್ಟಿದಂತಾಯಿತು. ಮೇಜಿನ ಮೇಲಿಂದ ಬೀಳಿಸಿದರೋ ಏನೋ ಎಂದು ಅತ್ತೆಗೆ ಸಂಶಯ. ಹೃದ್ರೋಗವಿರಬಹುದೇ ಎಂದು ಪತಿಗೆ ಭಯ. ಎರಡೂ ಅಲ್ಲದ ಮೂರನೆಯ ಕಾರಣವೊಂದಿದೆ. ಅದನ್ನು ಆ ಮನೆಯವರಿಗೆ ಯಾರೂ ತಿಳಿಸಿರಲಿಲ್ಲ.

ಅರಿವಳಿಕೆಯೆಂದರೆ ಬರಿಯ ನಿದ್ರೆಯಲ್ಲ. ಉಸಿರಾಟದ ನಳಿಕೆಯನ್ನು ಗಂಟಲೊಳಗೆ ಇಳಿಸಲು ಸ್ನಾಯುಗಳು ಸಡಿಲಗೊಳ್ಳಬೇಕು. ತುರ್ತು ಚಿಕಿತ್ಸೆಯಲ್ಲಿ ರೋಗಿಯ ಹೊಟ್ಟೆಯಲ್ಲಿ ಆಹಾರವಿದ್ದು, ಅದು ಮೇಲೆ ಬಂದು ಶ್ವಾಸಕೋಶವನ್ನು ಹೊಕ್ಕರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ನಳಿಕೆ ಕ್ಷಿಪ್ರವಾಗಿ ಇಳಿಯಬೇಕು. ಒಂದು ನಿಮಿಷದೊಳಗೆ ಸ್ನಾಯುಗಳನ್ನು ಸಡಿಲಿಸಿ, ಹತ್ತು ನಿಮಿಷಗಳೊಳಗೆ ಸಾಮಾನ್ಯವಾಗಿ ತಾನೇ ಇಳಿದುಹೋಗುವ ಔಷಧಿಯೇ ಸಕ್ಸಿನೈಲ್‌ಕೋಲೀನ್.

ಇದರ ಚರಿತ್ರೆ ವಿಚಿತ್ರವಾದುದು. 1906ರಲ್ಲಿ ಹಂಟ್ ಮತ್ತು ಟಾವೋ ಎಂಬ ಅಮೆರಿಕದ ವಿಜ್ಞಾನಿಗಳು ಇದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದರು. ಆ ಪ್ರಾಣಿಗಳಿಗೆ ಮೊದಲೇ ಕ್ಯುರಾರೆ ಎಂಬ ಬಾಣವಿಷವನ್ನು ಕೊಟ್ಟು ನಿಶ್ಚಲಗೊಳಿಸಿದ್ದರಿಂದ, ಹೊಸ ಔಷಧಿಯ ಮುಖ್ಯ ಗುಣವೇ ಕಣ್ಣಿಗೆ ಬೀಳಲಿಲ್ಲ! 1949ರಲ್ಲಿ ಡೇನಿಯಲ್ ಬೋವೆ ಅದನ್ನು ಗುರುತಿಸಿದನು. 1957ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1951ರಲ್ಲಿ ಔಷಧಿ ಯೂರೋಪಿನ ಶಸ್ತ್ರಚಿಕಿತ್ಸಾಲಯಗಳನ್ನು ಪ್ರವೇಶಿಸಿತು. ಮರುವರ್ಷವೇ ಮೈಕೈ ನೋವಿನ ದೂರೂ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ನೋವೇಕೆ? ಈ ಔಷಧಿ ನರಗಳ ಸಂದೇಶವಾಹಕ ರಾಸಾಯನಿಕದ ವೇಷ ಧರಿಸಿ ಸ್ನಾಯುವಿನ ಬಾಗಿಲು ತಟ್ಟುತ್ತದೆ. ಸಡಿಲುವ ಮೊದಲು ಸ್ನಾಯುವಿನ ಎಳೆಗಳೆಲ್ಲ ಕ್ರಮತಪ್ಪಿ ಅದುರುತ್ತವೆ. ಹಗ್ಗಜಗ್ಗಾಟದಲ್ಲಿ ಒಬ್ಬೊಬ್ಬನೂ ಮನಬಂದಂತೆ ಎಳೆದ ಹಾಗೆ! ನೋವಿಗೆ ಇದೇ ಮೂಲವೆಂಬುದು ಬಹುಕಾಲದ ಅಭಿಪ್ರಾಯ. ಆದರೂ ಹೆಚ್ಚು ಅದುರಿದವರಿಗೇ ಹೆಚ್ಚು ನೋವೆಂಬ ನಿಯಮವಿಲ್ಲ. ಈ ಔಷಧಿ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಅದರಲ್ಲಿಯೂ ಬೇಗ ಎದ್ದು ಓಡಾಡುವವರಿಗೆ, ಕತ್ತು, ಹೆಗಲು, ಬೆನ್ನುಗಳಲ್ಲಿ ನೋವು ಬರುವುದುಂಟು. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ, ಅಪರೂಪಕ್ಕೆ ಒಂದು ವಾರದಲ್ಲಿ, ಅದು ಶಮನವಾಗುತ್ತದೆ. ವೈದ್ಯರು ಸೂಚಿಸಿದ ನೋವಿನ ಗುಳಿಗೆ, ವಿಶ್ರಾಂತಿಗಳೇ ಸಾಕು. ಆದರೆ ಎದೆಯ ನೋವು, ಏದುಸಿರು, ಕಾಲಿನ ಊತ, ಕಡುಕಂದು ಮೂತ್ರ—ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಇನ್ನೊಂದು ಎಚ್ಚರಿಕೆ ಕನ್ನಡ ನಾಡಿಗೂ ಸಂಬಂಧಿಸಿದ್ದು. ಈ ಔಷಧಿಯನ್ನು ಕರಗಿಸುವ ಕಿಣ್ವವೊಂದು ರಕ್ತದಲ್ಲಿದೆ. ಹುಟ್ಟಿನಿಂದಲೇ ಅದರ ಕೊರತೆಯಿರುವವರಿಗೆ ಉಸಿರು ಮರಳಲು ಗಂಟೆಗಳೇ ಬೇಕಾಗಬಹುದು. ಅಲ್ಲಿಯವರೆಗೆ ಯಂತ್ರವೇ ಉಸಿರಾಡಿಸಬೇಕು. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಇತರರಿಗಿಂತ ಹೆಚ್ಚಾಗಿ ಕಂಡುಬಂದಿರುವುದನ್ನು ವೈದ್ಯರು ದಾಖಲಿಸಿದ್ದಾರೆ. ಇದು ದೋಷವೂ ಅಲ್ಲ, ಕಳಂಕವೂ ಅಲ್ಲ. ಮುಂಚಿತವಾಗಿ ಹೇಳಿದರೆ ವೈದ್ಯರು ರೋಕುರೋನಿಯಂನಂತಹ ಬೇರೆ ಔಷಧಿಯನ್ನು ಆರಿಸಿಕೊಳ್ಳುತ್ತಾರೆ.

ಆಸ್ಪತ್ರೆಯಿಂದ ಹಿಂದಿರುಗುವಾಗ ಅರಿವಳಿಕೆಯ ಔಷಧಿಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳುವುದು ಲೇಸು. ಮನೆಯಲ್ಲಿ ಯಾರಿಗಾದರೂ ಎಚ್ಚರವಾಗುವುದು ತಡವಾಗಿದ್ದರೆ ಅದನ್ನೂ ಮುಂದಿನ ವೈದ್ಯರಿಗೆ ತಿಳಿಸಬೇಕು. “ನಾಳೆ ಮೈಕೈ ನೋಯಬಹುದು, ಹೆದರಬೇಡಿ” ಎಂಬ ವೈದ್ಯರ ಒಂದು ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ, ಕೆಂಪಾಪುರದ ಆ ಮನೆಯಲ್ಲಿ ಸಂಶಯಕ್ಕೂ ಭಯಕ್ಕೂ ಎಡೆಯಿರುತ್ತಿರಲಿಲ್ಲ.