ಅಣ್ಣನ ಕಾಯಿಲೆ, ತಂಗಿಯ ತಪಾಸಣೆ

ಪುತ್ತೂರು, ಸುಳ್ಯ, ಕಡಬದ ಕಡೆ ಒಂದು ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಬಯಾಪ್ಸಿ ರಿಪೋರ್ಟು ಬಂತೆನ್ನಿ. ಮೊದಲು ನಡೆಯುವ ಕೆಲಸ ಸುದ್ದಿ ಮುಚ್ಚುವುದು. ‘ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ, ಹೆದರಿಯೇ ಹೋಗ್ತಾರೆ’ ಎಂದು ಮಗ ಬಾಗಿಲ ಹೊರಗೆ ನಿಂತು ಮೆಲ್ಲನೆ ಹೇಳುತ್ತಾನೆ. ನೆರೆಕರೆಯವರಿಗೆ ‘ಹೊಟ್ಟೆಯಲ್ಲಿ ಎಂತದೋ ಗಡ್ಡೆ, ತೆಗೆದರು’ ಎನ್ನುವಷ್ಟು ಸಾಕು. ಮದುವೆಗೆ ಬಂದ ಮಗಳಿದ್ದರಂತೂ ಬಾಯಿ ಇನ್ನೂ ಬಿಗಿ. ಜಾತಕದ ಜತೆಗೆ ಮನೆತನದ ಕಾಯಿಲೆಯನ್ನೂ ವಿಚಾರಿಸುವ ಕಾಲವಿದು, ಹಾಗಾಗಿ ಹೆದರಿಕೆಗೆ ಕಾರಣವಿಲ್ಲ ಎನ್ನಲಾರೆ. ಆದರೆ ಈ ಮುಚ್ಚುಮರೆಯ ಪೆಟ್ಟು ಬೀಳುವುದು ರೋಗಿಯ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ಮಕ್ಕಳಿಗೆ.

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಅದರ ಒಳಪದರದಲ್ಲಿ ಏಳುವ ಪಾಲಿಪ್ ಎಂಬ ಸಣ್ಣ ಗಂಟುಗಳಿಂದಲೇ ಬಹುಪಾಲು ಕ್ಯಾನ್ಸರ್ ಶುರುವಾಗುವುದು. ಎಲ್ಲ ಪಾಲಿಪ್ ಕೆಡುವುದಿಲ್ಲ. ಕೆಡುವುದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಸಮಯ ಹಿಡಿಯುತ್ತದೆ. ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಒಬ್ಬರಿಗೆ ಬಂದಿದ್ದರೆ ಉಳಿದವರಿಗೆ ಬರುವ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು. ಬಂದದ್ದು 50ರೊಳಗೆ ಆಗಿದ್ದರೆ, ಅಥವಾ ಇಬ್ಬರಿಗೆ ಬಂದಿದ್ದರೆ ಅದಕ್ಕಿಂತಲೂ ಹೆಚ್ಚು. ಹೊಟ್ಟೆ-ಕರುಳಿನ ತಜ್ಞರ ಲೆಕ್ಕ ಸರಳ: 40ನೇ ವಯಸ್ಸಿಗೆ, ಇಲ್ಲವೇ ಮನೆಯವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಬೇಗವೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ಅಣ್ಣನಿಗೆ 44ಕ್ಕೆ ಗೊತ್ತಾದರೆ ತಂಗಿಯ ತಪಾಸಣೆ 34ಕ್ಕೆ. ಆಮೇಲೆ ಐದು ವರ್ಷಕ್ಕೊಮ್ಮೆ. ಅಪ್ಪನಿಗೆ 60 ದಾಟಿದ ಮೇಲೆ ಬಂದದ್ದಾದರೆ ಮಕ್ಕಳು 40ಕ್ಕೆ ಆರಂಭಿಸಿದರಾಯಿತು. ಅವರಿಗೆ ವರ್ಷಕ್ಕೊಮ್ಮೆ ‘ಫಿಟ್’ ಎಂಬ ಮಲಪರೀಕ್ಷೆ ಸಾಕೇ ಎಂದು ವೈದ್ಯರನ್ನು ಕೇಳಬಹುದು.

ಇಲ್ಲಿ ನಮ್ಮ ಕುಟುಂಬದ ಲೆಕ್ಕ ಸ್ವಲ್ಪ ದಾರಿ ತಪ್ಪಿಸುತ್ತದೆ. ಅಳಿಯಕಟ್ಟಿನವರಲ್ಲಿ ಮಾವನಿಗೆ ಕಾಯಿಲೆ ಬಂದರೆ ಹೆದರುವುದು ಅಳಿಯ, ಏಕೆಂದರೆ ಕುಟುಂಬದ ಮನೆಯ ತಂಬಿಲಕ್ಕೆ ಮಾವನ ಪಕ್ಕ ನಿಲ್ಲುವವನು ಅವನು. ಮಾವನ ಸ್ವಂತ ಮಕ್ಕಳು ತಾಯಿಯ ಬಳಿಗೆ ಸೇರಿದವರು, ‘ಬೇರೆ ಕುಟುಂಬ’. ಆದರೆ ರಕ್ತದ ಲೆಕ್ಕದಲ್ಲಿ ಅಳಿಯನಿಗಿಂತ ಹತ್ತಿರ ಆ ಮಕ್ಕಳೇ. ಮಕ್ಕಳಕಟ್ಟಿನವರಲ್ಲಿ ಇದು ತಿರುಗುಮುರುಗು: ಮದುವೆಯಾಗಿ ಗೋತ್ರ ಬದಲಾದ ಮಗಳನ್ನು ಮರೆತೇ ಬಿಡುತ್ತಾರೆ. ಪಂಜದಲ್ಲಿ ಹುಟ್ಟಿ ವಿಟ್ಲಕ್ಕೆ ಕೊಟ್ಟವಳಿಗೆ ತವರಿನ ಜಾಗದಲ್ಲಿ ಪಾಲು ಸಿಗಲಿ ಬಿಡಲಿ, ತವರಿನ ಕಾಯಿಲೆಯಲ್ಲಿ ಅಣ್ಣನಷ್ಟೇ ಪಾಲಿದೆ.

ಗೊತ್ತಾದವರಾದರೂ ಹೋಗುತ್ತಾರೆಯೇ? ‘ನನಗೆಂತ ಆಗಿದೆ ಮಾರಾಯ, ದಿನಾ ತೋಟದಲ್ಲಿ ಕೆಲಸ ಮಾಡ್ತೇನೆ’ ಎಂಬ ಉತ್ತರ ಸಿದ್ಧ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ, ಸುಸ್ತಾದರೆ ಸೆಕೆ. ಇನ್ನು ಕೆಲವರಿಗೆ ಎಲ್ಲ ಕ್ಯಾನ್ಸರಿಗೂ ಎಂಡೋಸಲ್ಫಾನ್ ಒಂದೇ ಕಾರಣ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದ ಆ ವಿಷದಿಂದ ಈ ಭಾಗದವರು ಉಂಡ ನೋವು ಸಣ್ಣದಲ್ಲ. ಆದರೆ ಕಾರಣ ಹೊರಗಿದೆ ಎಂದು ತೀರ್ಮಾನಿಸಿದವರು ಒಳಗೆ ನೋಡಿಸಿಕೊಳ್ಳಲು ಹೋಗುವುದಿಲ್ಲ. ಇದೇ ಕೃಷಿಕರು ಕೊಳೆರೋಗಕ್ಕೆ ಅಡಿಕೆ ಉದುರುವ ತನಕ ಕಾಯುತ್ತಾರೆಯೇ? ಮಳೆ ಹಿಡಿಯುವ ಮುಂಚೆಯೇ ಬೋರ್ಡೋ ಮದ್ದು ಬಿಟ್ಟು ಮುಗಿಸುತ್ತಾರೆ.

ಸರಕಾರದ ತಪಾಸಣೆಯನ್ನು ನಂಬಿ ಕೂತರೂ ಆಗದು. 30 ದಾಟಿದವರಿಗೆ ನಡೆಯುವ ರಾಷ್ಟ್ರೀಯ ಕಾರ್ಯಕ್ರಮದಲ್ಲಿರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್. ಕರುಳಿನದು ಅದರಲ್ಲಿಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಕಡಿಮೆ, ಎಲ್ಲರನ್ನೂ ಪರೀಕ್ಷಿಸಲು ಹೊರಡುವುದು ದುಬಾರಿ, ನಿಜ. ಹಾಗಾದರೆ ಯಾರನ್ನು ಪರೀಕ್ಷಿಸಿದರೆ ಫಲ ಹೆಚ್ಚು ಎಂದು ಗೊತ್ತಿದೆಯೋ ಆ ಮನೆಗಳನ್ನಾದರೂ ಹಿಡಿಯಬೇಡವೇ? ಆಶಾ ಕಾರ್ಯಕರ್ತೆಯರ ನಮೂನೆಯಲ್ಲಿ ತಂದೆತಾಯಿ, ಒಡಹುಟ್ಟಿದವರ ಬಿಪಿ, ಶುಗರ್, ಹೃದಯದ ಕಾಯಿಲೆಯ ಪ್ರಶ್ನೆ ಇದೆ. ಅದರ ಪಕ್ಕ ‘ಕರುಳಿನ ಕ್ಯಾನ್ಸರ್’ ಎಂದು ಇನ್ನೊಂದು ಸಾಲು ಸೇರಿಸಲು ದೊಡ್ಡ ಖರ್ಚೇನೂ ಬೇಡ.

ಪರೀಕ್ಷೆಗಿಂತ ಅದರ ತಯಾರಿಯೇ ಕಷ್ಟ ಎಂದು ಮಾಡಿಸಿಕೊಂಡವರೆಲ್ಲ ಹೇಳುತ್ತಾರೆ. ಎರಡು ಮೂರು ದಿನ ಮೊದಲೇ ಬಸಳೆ, ಹರಿವೆ, ಹಲಸು ನಿಲ್ಲಿಸಬೇಕು. ಹಿಂದಿನ ದಿನ ಗಂಜಿಯ ತಿಳಿ, ಬೊಂಡದ ನೀರು, ಹಾಲು ಹಾಕದ ಚಹಾ, ಸೋಸಿದ ಸಾರು ಆಗಬಹುದು. ಪುನರ್ಪುಳಿ ಶರಬತ್ತು ಮಾತ್ರ ಬೇಡ, ಅದರ ಕೆಂಪು ಒಳಗೆ ರಕ್ತದಂತೆ ಕಾಣುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕು. ಶುಗರಿನ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏನೂ ಮಾಡಬಾರದು. ಆಮೇಲೆ ಕರುಳು ಖಾಲಿಯಾಗಲೆಂದು ನೀರಿನಲ್ಲಿ ಕದಡಿದ ಭೇದಿಯ ಪುಡಿಯನ್ನು ಲೀಟರುಗಟ್ಟಲೆ ಕುಡಿಯುವುದು. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಯ ದಿನ ನಸುಕಿಗೆ. ಮಂಗಳೂರಿನಲ್ಲಿ ಮಾಡಿಸುವುದಾದರೆ ಸಂಪಾಜೆ, ಗುತ್ತಿಗಾರಿನವರಿಗೆ ತೊಡಕು ಇಲ್ಲಿಯೇ. ಸುಳ್ಯದಿಂದ 80 ಕಿಲೋಮೀಟರಿಗೂ ಹೆಚ್ಚು ದಾರಿ, ಆ ಮದ್ದು ಕುಡಿದು ಬಸ್ಸು ಹತ್ತುವುದು ಆಗುವ ಕೆಲಸವಲ್ಲ. ಹಿಂದಿನ ರಾತ್ರಿ ಮಂಗಳೂರಿನ ನೆಂಟರ ಮನೆಯಲ್ಲಿ ಉಳಿಯಬೇಕು, ಇಲ್ಲವೇ ಮಧ್ಯಾಹ್ನದ ಸಮಯ ಕೇಳಿ ಪಡೆಯಬೇಕು. ಅದಕ್ಕಿಂತ ಮೊದಲು ಪುತ್ತೂರಿನ ಆಸ್ಪತ್ರೆಗಳಲ್ಲೋ ಸುಳ್ಯದ ಕೆವಿಜಿ ಮೆಡಿಕಲ್ ಕಾಲೇಜಿನಲ್ಲೋ ಸೌಲಭ್ಯ ಹೇಗಿದೆ, ಯಾವ ದಿನ ಮಾಡುತ್ತಾರೆ ಎಂದು ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು.

ಪರೀಕ್ಷೆ ಅರ್ಧ ಗಂಟೆಯೊಳಗಿನದು. ಮಂಪರು ಬರುವ ಚುಚ್ಚುಮದ್ದು ಕೊಟ್ಟು, ಬೆರಳು ದಪ್ಪದ ಬಾಗುವ ಕೊಳವೆಯನ್ನು ಗುದದ್ವಾರದಿಂದ ಒಳಕ್ಕೆ ಬಿಡುತ್ತಾರೆ. ಪಾಲಿಪ್ ಕಂಡರೆ ಅದೇ ಕೊಳವೆಯ ತುದಿಯಿಂದ ತಂತಿಯ ಕುಣಿಕೆ ಹೊರಬಂದು ಅದರ ಬುಡಕ್ಕೆ ಸುತ್ತಿ ಕತ್ತರಿಸುತ್ತದೆ. ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯದು. ಕರುಳಿಗೆ ತೂತು ಬೀಳುವ ಅಪಾಯ ಸಾವಿರದಲ್ಲಿ ಒಬ್ಬರಿಗಿಂತ ಕಡಿಮೆ. ಆ ದಿನ ಬೈಕು ಬಿಡುವಂತಿಲ್ಲ, ಜತೆಗೆ ಒಬ್ಬರು ಬೇಕೇ ಬೇಕು.

ಕೆಲವು ಮನೆಗಳ ವಿಷಯ ಇನ್ನೂ ಗಂಭೀರ. 1895ರಲ್ಲಿ ಅಮೆರಿಕದ ಆನ್ ಆರ್ಬರಿನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು, ‘ನಮ್ಮ ಮನೆಯವರೆಲ್ಲ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರಿನಿಂದ ಹೋದವರು, ನಾನೂ ಹಾಗೇ ಹೋಗುತ್ತೇನೆ’ ಎಂಬರ್ಥದ ಮಾತನ್ನು ಆಲ್ಡ್ರೆಡ್ ವಾರ್ತಿನ್ ಎಂಬ ರೋಗಶಾಸ್ತ್ರಜ್ಞರಿಗೆ ಹೇಳಿದಳು. ಹೇಳಿದಂತೆಯೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ವಾರ್ತಿನ್ 1913ರಲ್ಲಿ ಆ ಕುಟುಂಬದ ವಿವರ ಪ್ರಕಟಿಸಿದರು. ಮುಂದೆ ಹೆನ್ರಿ ಲಿಂಚ್ ಎಂಬ ವೈದ್ಯರು ಇಂಥ ಕುಟುಂಬಗಳ ಬೆನ್ನು ಹತ್ತಿದ್ದರಿಂದ ಈ ಆನುವಂಶಿಕ ದೋಷಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರಾಯಿತು. ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ಮೂರು ಈ ಬಗೆಯವು. ದೋಷವಿರುವ ಜೀನ್ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ, ಗಂಡು ಹೆಣ್ಣೆಂಬ ಭೇದವಿಲ್ಲ. ಅಂಥವರಿಗೆ ತಪಾಸಣೆ 20-25ರ ವಯಸ್ಸಿಗೇ ಶುರುವಾಗಬೇಕು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗೆ ಎಂಎಂಆರ್ ಪರೀಕ್ಷೆ ಮಾಡಿದರೆ ಸುಳಿವು ಸಿಗುತ್ತದೆ. ಮಾಡಿದ್ದಾರೆಯೇ ಎಂದು ಮನೆಯವರು ಬಾಯಿಬಿಟ್ಟು ಕೇಳಬೇಕು.

ವೈದ್ಯರು ತಾವಾಗಿ ರೋಗಿಯ ತಮ್ಮನಿಗೆ ಫೋನ್ ಮಾಡುವಂತಿಲ್ಲ. ಹೇಳಬೇಕಾದವರು ರೋಗಿಯೇ, ಅವರಿಗೆ ಗೊತ್ತಿದ್ದರೆ ತಾನೆ ಹೇಳುವುದು! ಕುಟುಂಬದವರೆಲ್ಲ ಹೇಗೂ ಸೇರುವ ದಿನಗಳಿವೆ: ತಂಬಿಲ, ತಿಥಿ, ಈದ್, ಕ್ರಿಸ್ಮಸ್. ಊಟ ಮುಗಿದ ಮೇಲೆ ಜಗಲಿಯಲ್ಲಿ ಕೂತು, ‘ನನಗೆ ಇದು ಬಂದದ್ದು 44ಕ್ಕೆ. ನೀವು ನೋಡಿಸಿಕೊಳ್ಳಿ’ ಎಂದು ಸ್ವತಃ ಅಣ್ಣನೇ ಹೇಳಿದರೆ ಆ ಮಾತಿಗಿರುವ ತೂಕ ಯಾವ ಜಾಗೃತಿ ಶಿಬಿರದ ಭಾಷಣಕ್ಕೂ ಇಲ್ಲ. ಬರಲಾಗದ ದುಬಾಯಿಯ ತಮ್ಮನಿಗೆ ಬಯಾಪ್ಸಿ ರಿಪೋರ್ಟಿನ ಫೋಟೊ ವಾಟ್ಸ್ಆ್ಯಪಿನಲ್ಲಿ ಹೋಗಲಿ. ಪರೀಕ್ಷೆ ಮಾಡಿಸಿಕೊಂಡ ತಂಗಿಗೆ ದೊಡ್ಡ ಪಾಲಿಪ್ ಸಿಕ್ಕಿದರೆ ಅವಳ ರಿಪೋರ್ಟನ್ನೂ ಎತ್ತಿಡಬೇಕು. ಕ್ಯಾನ್ಸರ್ ಆಗದಿದ್ದರೂ, ಅವಳ ಮಕ್ಕಳ ತಪಾಸಣೆಯ ವಯಸ್ಸನ್ನು ಎಣಿಸುವುದು ಆ ತಾರೀಕಿನಿಂದಲೇ.