ಮಧ್ಯ ಟೆಕ್ಸಾಸ್ ಬಾರ್ಬೆಕ್ಯೂ

ಮಧ್ಯ ಟೆಕ್ಸಾಸ್ ಬಾರ್ಬೆಕ್ಯೂ ಅಮೇರಿಕ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ರಾಜ್ಯದ ಮಧ್ಯಭಾಗದಲ್ಲಿ ಬೆಳೆದುಬಂದ, ಸೌದೆಯ ಹೊಗೆ ಮತ್ತು ಶಾಖದಲ್ಲಿ ಮಾಂಸವನ್ನು ಬೇಯಿಸುವ ಪದ್ಧತಿ. ಲಾಕ್‌ಹಾರ್ಟ್, ಟೇಲರ್ ಮತ್ತು ಆಸ್ಟಿನ್‌ನ ಭೋಜನಗೃಹಗಳು ಇದಕ್ಕೆ ಪ್ರಸಿದ್ಧವಾಗಿವೆ.

ಇತಿಹಾಸ

19ನೆಯ ಶತಮಾನದಲ್ಲಿ ಜರ್ಮನ್ ಹಾಗೂ ಚೆಕ್ ವಲಸಿಗರು ಇಲ್ಲಿ ಮಾಂಸದ ಅಂಗಡಿಗಳನ್ನು ತೆರೆದರು. ಶೈತ್ಯೀಕರಣವಿಲ್ಲದ ಕಾಲದಲ್ಲಿ, ಮಾರಾಟವಾಗದೆ ಉಳಿದ ಮಾಂಸವನ್ನು ಹೊಗೆಯಲ್ಲಿ ಬೇಯಿಸಿ ಮಾರುತ್ತಿದ್ದರು. ಹತ್ತಿ ಬಿಡಿಸಲು ಬರುತ್ತಿದ್ದ ಕೂಲಿಕಾರರು ಅದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ತಿನ್ನುತ್ತಿದ್ದರು. ತೂಕದ ಲೆಕ್ಕದಲ್ಲಿ ಕಾಗದದ ಮೇಲೆ ನೀಡುವ ರೂಢಿ ಇಂದಿಗೂ ಉಳಿದಿದೆ.

ತಯಾರಿಕೆ

ದನದ ಎದೆಭಾಗದ ಮಾಂಸವಾದ ಬ್ರಿಸ್ಕೆಟ್ ಇಲ್ಲಿನ ಮುಖ್ಯ ಖಾದ್ಯ. ಅದಕ್ಕೆ ಉಪ್ಪು ಮತ್ತು ಕಾಳುಮೆಣಸಿನ ಪುಡಿ ಸವರಿ, ಪೋಸ್ಟ್ ಓಕ್ ಸೌದೆಯ ಬೆಂಕಿಯಿಂದ ದೂರವಿರಿಸಿ, ಅನೇಕ ಕಡೆ 12 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಬೇಯಿಸುತ್ತಾರೆ. ಮಾಂಸದಲ್ಲಿನ ಕೊಲಾಜನ್ ನಿಧಾನವಾಗಿ ಜೆಲಾಟಿನ್ ಆಗಿ ಮಾರ್ಪಟ್ಟು, ಗಡುಸಾದ ಮಾಂಸ ಮೃದುವಾಗುತ್ತದೆ. ಸಾಸ್‌ಗೆ ಗೌಣ ಸ್ಥಾನವಿದೆ.

ಜನಪ್ರಿಯತೆ

ಒಲೆ, ಸೌದೆ ಮತ್ತು ಬೆಂಕಿ ನೋಡಿಕೊಳ್ಳುವವರ ಅನುಭವವೇ ರುಚಿಯನ್ನು ನಿರ್ಧರಿಸುವುದರಿಂದ, ಅದನ್ನು ಬೇರೆಡೆ ಯಥಾವತ್ತಾಗಿ ಸಿದ್ಧಪಡಿಸುವುದು ಕಷ್ಟ. ಗ್ರಾಹಕರು ದೂರದಿಂದ ಬರಲು ಇದು ಮುಖ್ಯ ಕಾರಣ. ಬೇಯಿಸಿದ ಮಾಂಸ ಮುಗಿದರೆ ಆ ದಿನ ಮತ್ತೆ ತಯಾರಿಸಲು ಸಮಯವಿರುವುದಿಲ್ಲ. ಆದ್ದರಿಂದ 2009ರಲ್ಲಿ ಆಸ್ಟಿನ್‌ನಲ್ಲಿ ಆರಂಭವಾದ ಫ್ರಾಂಕ್ಲಿನ್ ಬಾರ್ಬೆಕ್ಯೂ ಮುಂದೆ ಜನರು ಬೆಳಗಿನಿಂದಲೇ ಸರತಿಯಲ್ಲಿ ನಿಲ್ಲುತ್ತಾರೆ. ಹಳೆಯ ಒಲೆಗೆ ಇರುವ ಮಹತ್ವಕ್ಕೆ ಲಾಕ್‌ಹಾರ್ಟ್‌ನ ಕ್ರೈಟ್ಸ್ ಮಾರ್ಕೆಟ್ ನಿದರ್ಶನವಾಗಿದೆ. 1900ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ 1999ರಲ್ಲಿ ಹೊಸ ಕಟ್ಟಡಕ್ಕೆ ಸ್ಥಳಾಂತರಗೊಂಡಾಗ, ಹಳೆಯ ಒಲೆಯ ಕೆಂಡಗಳನ್ನು ಬೀದಿಯಲ್ಲಿ ಎಳೆದೊಯ್ದು ಹೊಸ ಒಲೆಯನ್ನು ಹೊತ್ತಿಸಲಾಯಿತು. ಹಳೆಯ ಕಟ್ಟಡದಲ್ಲಿ ಸ್ಮಿಟೀಸ್ ಮಾರ್ಕೆಟ್ ಆರಂಭವಾಯಿತು.