ಸೈಟೇಶನ್ ಲೆಕ್ಕವೂ ಡಾ. ಶಂಭುನಾಥ ಡೇ ಅವರ ಪುಟ್ಟ ಪ್ರಬಂಧವೂ



ನಮ್ಮ ಗಡಿ ಊರುಗಳ ಮನೆಗಳಿಂದಲೂ ಈಗ ಮಕ್ಕಳು ವೈದ್ಯಕೀಯ, ಜೀವವಿಜ್ಞಾನ ಸಂಶೋಧನೆಗೆ ಹೋಗುತ್ತಿದ್ದಾರೆ. ಗೈಡ್ ಹುಡುಕುವಾಗ ಅವರ ಬಾಯಲ್ಲಿ ಪದೇ ಪದೇ ಬರುವ ಮಾತು: "ಅವರ ಪಬ್ಲಿಕೇಶನ್ ಎಷ್ಟು? ಸೈಟೇಶನ್ ಎಷ್ಟು? ಎಚ್-ಇಂಡೆಕ್ಸ್ ಎಷ್ಟು?" ಹೆತ್ತವರಿಗೆ ಇದು ಪರೀಕ್ಷೆಯ ಅಂಕದಂತೆ ಕೇಳಿಸುತ್ತದೆ. ಈ ಲೆಕ್ಕ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದನ್ನು ಕೋಲ್ಕತ್ತದ ವೈದ್ಯ ವಿಜ್ಞಾನಿ ಡಾ. ಶಂಭುನಾಥ ಡೇ ಅವರ ಬದುಕು ಚೆನ್ನಾಗಿ ತಿಳಿಸುತ್ತದೆ.

ಮೊದಲು ಲೆಕ್ಕದ ರೀತಿ. ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದಲ್ಲಿ ಆಧಾರವಾಗಿ ಹೆಸರಿಸಿದರೆ ಅದು ಒಂದು ಸೈಟೇಶನ್, ಅಂದರೆ ಉಲ್ಲೇಖ. ಇದನ್ನು ವ್ಯವಸ್ಥಿತವಾಗಿ ಎಣಿಸುವ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. ಎಚ್-ಇಂಡೆಕ್ಸ್ ಬಂದದ್ದು 2005ರಲ್ಲಿ. ಸೂಚಿಸಿದವರು ಭೌತವಿಜ್ಞಾನಿ ಜಾರ್ಜ್ ಹಿರ್ಶ್. ಒಬ್ಬರ ಹತ್ತು ಪ್ರಬಂಧಗಳು ತಲಾ ಹತ್ತು ಸಲವಾದರೂ ಉಲ್ಲೇಖವಾಗಿದ್ದು, ಹನ್ನೊಂದಕ್ಕೆ ಹನ್ನೊಂದರ ಲೆಕ್ಕ ಕೂಡದಿದ್ದರೆ, ಅವರ ಎಚ್-ಇಂಡೆಕ್ಸ್ 10. ಒಂದೇ ಪ್ರಬಂಧ ಬರೆದು ಅದು ಸಾವಿರ ಸಲ ಉಲ್ಲೇಖವಾದರೂ ಎಚ್-ಇಂಡೆಕ್ಸ್ ಬರೀ 1!

ಇನ್ನು ಡೇ ಅವರ ವಿಷಯ. 1915ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ ಹುಟ್ಟಿದ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿ ಊರಿಗೆ ಮರಳಿದರು. ಕಾಲರಾ ಆಗ ಬಂಗಾಳದ ಮನೆಮನೆಯ ಭಯ. ಕಾಲರಾ ಬ್ಯಾಕ್ಟೀರಿಯಾ ಯಾವುದೋ ವಿಷ ಉಂಟುಮಾಡುತ್ತಿರಬೇಕು ಎಂದು ರಾಬರ್ಟ್ ಕಾಕ್ 1884ರಷ್ಟು ಹಿಂದೆಯೇ ಊಹಿಸಿದ್ದರು. ಆದರೆ ಆ ವಿಷ ಎಪ್ಪತ್ತೈದು ವರ್ಷ ಕೈಗೆ ಸಿಗಲಿಲ್ಲ. ಡೇ ಹಿಡಿದದ್ದು ಸರಳ ದಾರಿ: ರೋಗ ಇರುವುದು ಕರುಳಿನಲ್ಲಿ, ಹಾಗಾದರೆ ಕರುಳಿನಲ್ಲೇ ನೋಡೋಣ. ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ ಅದರೊಳಗೆ ಬ್ಯಾಕ್ಟೀರಿಯಾ ಬಿಟ್ಟಾಗ, ಅಲ್ಲಿ ನೀರು ತುಂಬಿಕೊಂಡಿತು. ಈ ವಿಧಾನ 1953ರಲ್ಲಿ ಪ್ರಕಟವಾಯಿತು. 1959ರಲ್ಲಿ ಬ್ಯಾಕ್ಟೀರಿಯಾವನ್ನು ಪೂರ್ತಿ ಸೋಸಿ ತೆಗೆದ ದ್ರವದಿಂದಲೂ ಹಾಗೇ ನೀರು ತುಂಬುತ್ತದೆಂದು 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಪುಟ್ಟ ಪ್ರಬಂಧ, ಲೇಖಕರು ಒಬ್ಬರೇ. ಕಾಲರಾ ಕೊಲ್ಲುವುದು ವಿಷದ ಮೂಲಕ, ಕರುಳಿನಿಂದ ನೀರು ಸುರಿಸಿ ಎಂಬುದು ಅದರಿಂದ ಸ್ಪಷ್ಟವಾಯಿತು.

ಮೊದಮೊದಲು ಈ ಪ್ರಬಂಧವನ್ನು ಹೆಚ್ಚು ಜನ ಗಮನಿಸಲಿಲ್ಲ. 1969ರಲ್ಲಿ ಅಮೆರಿಕದಲ್ಲಿ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ ಮೇಲೆ ಸಂಶೋಧನೆ ಭರದಿಂದ ಬೆಳೆಯಿತು. ಡೇ 1973ರಲ್ಲಿ ನಿವೃತ್ತರಾದರು. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರಗೋಷ್ಠಿಗೆ ಅವರಿಗೆ ಕರೆ ಬಂತು. 1985ರಲ್ಲಿ ತೀರಿಕೊಂಡರು, ಅವರ ಕೆಲಸದ ತೂಕಕ್ಕೆ ತಕ್ಕ ಮನ್ನಣೆ ನಮ್ಮ ದೇಶದಲ್ಲಿ ಅಷ್ಟರೊಳಗೆ ಸಿಗಲಿಲ್ಲ. ಮರುವರ್ಷ ಗಾರ್ಫೀಲ್ಡ್ ಅವರೇ ಉಲ್ಲೇಖಗಳ ನಕ್ಷೆ ಮಾಡಿ, ಕಾಲರಾ ಸಂಶೋಧನೆಯಲ್ಲಿ ಡೇ ಅವರ ಪ್ರಭಾವ ಎಷ್ಟೆಂದು ಬರೆದರು. 1990ರಲ್ಲಿ ಬೆಂಗಳೂರಿನಿಂದ ಬರುವ 'ಕರೆಂಟ್ ಸೈನ್ಸ್' ಅವರ ಗೌರವಕ್ಕೆ ವಿಶೇಷ ಸಂಚಿಕೆ ತಂದಿತು. ಮರೆತ ಹೆಸರನ್ನು ಎತ್ತಿ ತೋರಿಸಿದ್ದೂ ಉಲ್ಲೇಖದ ಲೆಕ್ಕವೇ. ಆದರೆ ಅದು ಮಾತಾಡುವ ಹೊತ್ತಿಗೆ ಅವರು ಇರಲಿಲ್ಲ.

ಇದಕ್ಕೆ ವ್ಯತಿರಿಕ್ತ ಉದಾಹರಣೆಯೂ ಇದೆ. ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪ್ರಬಂಧ 3 ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖವಾಗಿದೆ. ಅದೇನೂ ಮಹಾ ಪ್ರಬಂಧವಲ್ಲ ಎಂದು ಲೌರಿ ಅವರೇ ಒಪ್ಪಿಕೊಂಡಿದ್ದರು. ಪ್ರಯೋಗಾಲಯಗಳಲ್ಲಿ ದಿನನಿತ್ಯ ಬೇಕಾಗುವ ವಿಧಾನವಾದ್ದರಿಂದ ಎಲ್ಲರೂ ಹೆಸರಿಸಿದರು.

ಅಂದರೆ, ಒಂದು ಪ್ರಬಂಧ ಎಷ್ಟು ಬಳಕೆಯಾಯಿತು ಎಂಬುದನ್ನು ಉಲ್ಲೇಖ ತೋರಿಸುತ್ತದೆ, ಅದರ ಬೆಲೆಯನ್ನಲ್ಲ. ಆದ್ದರಿಂದ ಸಂಖ್ಯೆ ನೋಡುವಾಗ ಮೂರು ವಿಷಯ ಗಮನಿಸಿ. ಒಂದು, ಒಂದೇ ಕ್ಷೇತ್ರದ, ಹೆಚ್ಚುಕಡಿಮೆ ಅಷ್ಟೇ ವರ್ಷ ಕೆಲಸ ಮಾಡಿದವರನ್ನು ಮಾತ್ರ ಹೋಲಿಸಿ. ಕ್ಯಾನ್ಸರ್ ಬಗ್ಗೆ ಬರೆಯುವವರು ಬಹಳ, ಹಾಗಾಗಿ ಉಲ್ಲೇಖವೂ ಬಹಳ. ಅಪರೂಪದ ರೋಗಕ್ಕೆ ಆ ಭಾಗ್ಯವಿಲ್ಲ. ಎರಡು, ಲೇಖಕರ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿದೆ ನೋಡಿ. ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಮೂರು, ತಮ್ಮ ಪ್ರಬಂಧವನ್ನು ತಾವೇ ಎಷ್ಟು ಸಲ ಹೆಸರಿಸಿಕೊಂಡಿದ್ದಾರೆ ಎಂದೂ ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಆ ಗೈಡ್ ಬರೆದ ಎರಡು ಪ್ರಬಂಧಗಳನ್ನಾದರೂ ಮಕ್ಕಳು ಸ್ವತಃ ಓದಲಿ. ಡೇ ಅವರ ಪ್ರಬಂಧವನ್ನು 1959ರಲ್ಲಿ ಗಮನವಿಟ್ಟು ಓದಿದವರಿಗೆ ಯಾವ ಸಂಖ್ಯೆಯೂ ಬೇಕಿರಲಿಲ್ಲ. ಮನೆಯಲ್ಲಿ ಸಂಶೋಧನೆಗೆ ಹೊರಟವರಿದ್ದರೆ ಈ ಬರಹವನ್ನು ಅವರಿಗೂ ತೋರಿಸಿ.